ಸಿಹಿನೀರಿನ ಪೀಪಾಯಿ

“ಈ ಪೀಪಾಯಿ ತುಂಬಿದವ್ರ ಯಾರ್ರಿ?”

ಕೇಳಿದವನ ದನಿ ಏರಿರಲಿಲ್ಲ. ಆದರೂ ಪಾರವ್ವ ಕೂತಲ್ಲಿಂದ ಎದ್ದು ನಿಂತಳು.

ಅವನು ಹಡಗಿನ ತಾಂಡೇಲ. ಚುಕ್ಕಾಣಿ ಹಿಡಿದು ಹಡಗು ನಡೆಸುವವನು. ಹಿಂದಿನ ಮಧ್ಯಾಹ್ನ ಹಡಗು ಹತ್ತುವಾಗ ಅವಳು ಅವನ ಬೆನ್ನನ್ನಷ್ಟೇ ಕಂಡಿದ್ದಳು. ಈಗ ಎದುರಿಗೇ ನಿಂತಿದ್ದ. ಬಿಸಿಲಿಗೆ ಕಂದಿದ ಮುಖ, ಗಾಳಿಗೆ ಬಿರಿದ ತುಟಿ, ಕೈಯಲ್ಲಿ ನೀರು ತುಂಬಿದ ತಂಬಿಗೆ.

“ಯಾಕ್ರಿ? ಏನಾತು?”

“ಒಂದ್ ಗುಟುಕು ಕುಡದು ನೋಡ್ರಿ.”

ಪಾರವ್ವ ತಂಬಿಗೆ ಎತ್ತಿ ಬಾಯಿಗೆ ಸುರಿದುಕೊಂಡಳು. ಮರುಕ್ಷಣವೇ ಹಡಗಿನ ಅಂಚಿಗೆ ಓಡಿ ಉಗಿದಳು.

ಉಪ್ಪು! ನಾಲಿಗೆ ಸುಡುವಂಥ ಉಪ್ಪು...

‘ನಿನ್ನೆ ಸಂಜೆ ನಾನೇ ಕುಡಿದು ನೋಡಿದ್ದೆನಲ್ಲ! ಸಿಹಿಯಾಗಿತ್ತು. ಹೊಳೆಯ ನೀರೇ ಆಗಿತ್ತು. ಬೆಳಗಾಗುವುದರೊಳಗೆ ಹೊಳೆ ಹೇಗೆ ಉಪ್ಪಾಗುತ್ತದೆ?’

ಅವಳು ಸುತ್ತ ನೋಡಿದಳು. ಎಡಗಡೆಗೆ ಕಡಿದಾದ ಗುಡ್ಡಗಳು ಒಂದರ ಹಿಂದೊಂದು ಸಮುದ್ರಕ್ಕೆ ಇಳಿದಿದ್ದವು. ಬಲಗಡೆ ನೀರು, ಬರೀ ನೀರು. ಅದರಲ್ಲಿ ಕುಡಿಯುವಂಥದ್ದು ಒಂದು ಹನಿಯೂ ಇರಲಿಲ್ಲ.

ಅದು ಸಾವಿರದ ಒಂಬೈನೂರ ಮೂವತ್ತಾರರ ಕಾರ್ತಿಕ ಮಾಸ. ಹುಕ್ಕೇರಿಯ ಅಣ್ಣಾಸಾಹೇಬ ದೇಸಾಯರಿಗೆ ಹೊಲವಿತ್ತು, ವಾಡೆಯಿತ್ತು, ಮೋಟಾರಿತ್ತು. ಇರದಿದ್ದುದು ಹಡಗೊಂದೇ. ವಿಲಾಯತಿಗೆ ಮರಳುತ್ತಿದ್ದ ದೊರೆಯೊಬ್ಬ ತನ್ನ ವಿಹಾರದ ಹಾಯಿ ಹಡಗನ್ನು ರತ್ನಾಗಿರಿಯಲ್ಲಿ ಮಾರುತ್ತಾನೆಂದು ತಿಳಿದು, ಅದನ್ನೂ ಕೊಂಡುಬಿಟ್ಟರು. ಕೊಂಡ ಹಡಗನ್ನು ದಂಡೆಯ ಗುಂಟ ವೆಂಗುರ್ಲೆಗೆ ತರಬೇಕು. ಮೂರು ದಿನದ ದಾರಿ. ಆ ಸೊಗಸನ್ನು ನೋಡಲೆಂದು ಹೆಂಡತಿಯನ್ನೂ ಕರೆತಂದಿದ್ದರು.

“ಇದಕ್ಕ ಯಾಟ್ ಅಂತಾರ, ಯಾಟ್!” ಎಂದು ಅವರು ಹೇಳಿದರೆ, ಹೆಂಡತಿ ಕಾಶೆವ್ವ ಹೊಟ್ಟೆ ಹಿಡಿದುಕೊಂಡು, “ಯಾಟೋ ಗೀಟೋ... ನನಗಂತೂ ಮುದಿವಯಸ್ಸಿನ್ಯಾಗ ತೊಟ್ಟಿಲಕ್ಕ ಹಾಕಿ ತೂಗಿದಂಗ ಆಗಾಕತ್ತೈತಿ” ಎನ್ನುತ್ತಿದ್ದಳು.

ಪಾರವ್ವ ಅವರ ಮನೆಯ ಅಡಿಗೆಯವಳು. ಊರು ನಾಗನೂರ. ಹದಿನೆಂಟಕ್ಕೆ ಗಂಡ ಸತ್ತ, ಈಗ ಇಪ್ಪತ್ನಾಲ್ಕು. ಅಣ್ಣನ ಮನೆಯಲ್ಲಿ ಅತ್ತಿಗೆ ಒಲೆ ಬಿಟ್ಟುಕೊಡಲಿಲ್ಲ. ಕಾಶೆವ್ವ ಕರೆದು ಒಲೆ ಕೊಟ್ಟಳು. ಆ ವಾಡೆಯ ಹೊರತು ಅವಳಿಗೆ ಬೇರೆ ನೆಲೆ ಇರಲಿಲ್ಲ.

ಹಿಂದಿನ ಸಂಜೆ ಹಡಗು ಒಂದು ನದಿಯ ಬಾಯಿಯೊಳಗೆ ಬಹಳ ದೂರ ಹೋಗಿ ಲಂಗರು ಹಾಕಿತ್ತು. ಮಲಗುವ ಮೊದಲು ಕಾಶೆವ್ವ ಹೇಳಿದ್ದಳು: “ಪಾರೂ, ನಿನ್ನಿ ನೀರು ನನ್ನ ಲಿಂಗಪೂಜಿಗೆ ಬ್ಯಾಡ. ಆ ಪೀಪಾಯಿ ನೀರು ಕಟ್ಟಿಗಿ ವಾಸನಿ ಬಡೀತೈತಿ. ನಸಿಕಿನ್ಯಾಗ ಎಲ್ಲಾ ಚೆಲ್ಲಿ, ತಿಕ್ಕಿ ತೊಳದು, ಹೊಸಾದು ತುಂಬು.”

ದಿನವೂ ವಾಡೆಯಲ್ಲಿ ನಡೆಯುವುದು ಅದೇ. ಪಾರವ್ವ ಆಗಲೇ ಕೊಡಕ್ಕೆ ಹಗ್ಗ ಕಟ್ಟಿ ಹೊಳೆಯ ನೀರು ಸೇದಿ ರುಚಿ ನೋಡಿದಳು. ಸಿಹಿ ಇತ್ತು. ನಸುಕಿನಲ್ಲಿ, ನಾವಿಕರು ಲಂಗರು ಎತ್ತುವ ಗದ್ದಲದಲ್ಲಿದ್ದಾಗ, ಪೀಪಾಯಿಯ ಬುಚ್ಚ ಕಿತ್ತು ಬರಿದು ಮಾಡಿ, ತಿಕ್ಕಿ, ಮೂವತ್ತೆರಡು ಕೊಡ ನೀರು ಸೇದಿ ತುಂಬಿದ್ದಳು. ಮತ್ತೆ ರುಚಿ ನೋಡಬೇಕೆಂದು ಅನ್ನಿಸಲಿಲ್ಲ. ಹೊಳೆಯ ನೀರನ್ನು ಎರಡೆರಡು ಸಲ ಯಾರು ರುಚಿ ನೋಡುತ್ತಾರೆ?

ಬೆಳಗಿನಿಂದ ಕಾಶೆವ್ವ ವಾಂತಿ ಮಾಡಿಕೊಂಡು ಮಲಗಿದ್ದಳು, ಪೂಜೆಗೆ ಕೂತಿರಲಿಲ್ಲ. ಊಟಕ್ಕೆ ಮನೆಯಿಂದ ತಂದ ಕಟಕರೊಟ್ಟಿ ಇತ್ತು, ಒಲೆ ಹಚ್ಚಿರಲಿಲ್ಲ. ಹಾಗಾಗಿ ಮಧ್ಯಾಹ್ನದವರೆಗೆ ಯಾರಿಗೂ ತಿಳಿಯಲಿಲ್ಲ.

“ಅದು ನಿಮ್ಮ ಘಟಪ್ರಭಾ ಅಲ್ರಿ,” ಎಂದ ತಾಂಡೇಲ, ಅವಳ ಮುಖ ನೋಡಿಯೇ ಎಲ್ಲ ಅರ್ಥವಾದವನಂತೆ. “ಖಾಡಿ ಅದು. ದಿನಕ್ಕ ಎರಡ ಸಲ ಸಮುದ್ರ ಒಳಗ ನುಗ್ಗಿ ಹೊಳೀನ ಹಿಂದಕ್ಕ ದೂಡತೈತಿ. ನಿನ್ನಿ ಸಂಜೀಕ ಇಳತ ಇತ್ತು. ನಸಿಕಿನ್ಯಾಗ ಭರತಿ, ಅಂದ್ರ ಉಬ್ಬರ.”

“ಹೊಳಿ... ಹಿಂದಕ್ಕ ಹರೀತೈತಿ?”

“ಹರೀತೈತ್ರಿ.”

ನಾಗನೂರಿನಲ್ಲಿ ಯಾರಾದರೂ ಈ ಮಾತು ಹೇಳಿದರೆ ಹುಚ್ಚನೆಂದು ನಗುತ್ತಿದ್ದರು. ಪಾರವ್ವನಿಗೆ ನಗು ಬರಲಿಲ್ಲ. ಮತ್ತೊಂದು ವಿಷಯ ಅವಳ ಗಮನಕ್ಕೆ ಬಂದದ್ದು ಆಗಲೇ. ಈ ಕೊಂಕಣದ ತಾಂಡೇಲ ಮಾತಾಡುತ್ತಿದ್ದುದು ಅವಳ ಸೀಮೆಯ ಮಾತು!

ಅಷ್ಟರಲ್ಲಿ ಅಣ್ಣಾಸಾಹೇಬರು ದುರ್ಬೀನು ಹಿಡಿದುಕೊಂಡೇ ಬಂದರು. ತಲೆಯ ಮೇಲೆ ದೊರೆಯ ಟೊಪ್ಪಿಗೆ.

“ಏನದು ಗದ್ದಲಾ?”

ಪಾರವ್ವ ಬಾಯಿ ತೆರೆದಳು. ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಮಲಗಿದ್ದ ಕಾಶೆವ್ವ ತಲೆ ಎತ್ತಿ ಅವಳನ್ನು ನೋಡಿದಳು... ನೋಡಿ, ಮೆಲ್ಲಗೆ ಗೋಡೆಯ ಕಡೆಗೆ ಮಗ್ಗಲು ತಿರುಗಿದಳು.

ಪಾರವ್ವ ತೆರೆದ ಬಾಯಿ ಮುಚ್ಚಿದಳು.

“ನನ್ನ ತಪ್ಪು ಸಾಹೇಬ್ರ,” ಎಂದ ತಾಂಡೇಲ. “ಹಳೇ ನೀರು ನಾರಾಕತ್ತಿತ್ತಂತ ಚೆಲ್ಲಿಸಿದ್ನಿ. ಭರತಿ ನೋಡದ ತುಂಬಿಸಿಬಿಟ್ನಿ. ಪೀಪಾಯಿ ತುಂಬ ಉಪ್ಪನೀರು ಐತಿ.”

“ಏನಂದಿ?” ಅಣ್ಣಾಸಾಹೇಬರ ಮುಖ ಕೆಂಪಾಯಿತು. “ತಾಂಡೇಲ ಅಂತ ಪಗಾರ ತಗೋತಿ! ಒಳಗ ಬಾಯಿಸಾಹೇಬ್ರು ಮುಂಜಾನಿಂದ ವಾಂತಿ ಮಾಡಕೊಂಡು ಬಿದ್ದಾರ. ಈಗ ಏನ ಕುಡಸ್ಲಿ ಅವರಿಗೆ? ಸಮುದ್ರಾ?”

“ಮುಂದಿನ ಗುಡ್ಡದ ಬುಡಕ ಒಂದು ಒರತಿ ಐತ್ರಿ. ತಾಸಿನ್ಯಾಗ ಮುಟ್ಟತೇವಿ. ಬಂದರಕ್ಕ ಹೋಗಬೇಕಂದ್ರ ಸಂಜಿ ಆಕ್ಕೈತಿ.”

ಹಡಗಿನಲ್ಲಿ ಇನ್ನಿಬ್ಬರು ನಾವಿಕರಿದ್ದರು, ಅವರ ಮಡಿಕೆಯಲ್ಲಿ ಒಂದಿಷ್ಟು ನೀರೂ ಇತ್ತು. ಆದರೆ ಮೀನು ತಿನ್ನುವವರ ಮಡಿಕೆಯ ನೀರನ್ನು ಕಾಶೆವ್ವ ಪ್ರಾಣ ಹೋದರೂ ಮುಟ್ಟಳು. ಒರತೆಯ ನೀರನ್ನು ತರುವವರೂ ಕೊರಳಲ್ಲಿ ಲಿಂಗ ಇದ್ದವರೇ ಆಗಬೇಕು.

“ಪಾರೂನಽ ಹೋಗ್ಲಿ,” ಎಂದು ಒಳಗಿನಿಂದ ಕ್ಷೀಣ ದನಿ ಬಂತು.

“ಹೋಡಿ ನಡಸಾಕ ನಾ ಹೋಗ್ತೇನ್ರಿ,” ಎಂದ ತಾಂಡೇಲ. ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗದ ಕರಡಿಗೆ ತೋರಿಸಿದ. “ನಾನೂ ನಿಮ್ಮ ಸೀಮಿಯವನಽ. ಕುಲಗೋಡದ ದುಂಡಪ್ಪ.”

ಹೋಡಿ ಎಂದರೆ ಇಬ್ಬರು ಕೂರುವಷ್ಟು ಸಣ್ಣ ದೋಣಿ. ಗುಡ್ಡದ ಬುಡಕ್ಕೆ ಹೋದಂತೆ ಗುಡ್ಡ ದೊಡ್ಡದಾಗುತ್ತಾ ಹೋಯಿತು. ಮೇಲೆ ಕೆಂಪು ಕಲ್ಲು, ಕೆಳಗೆ ಕರಿಯ ಬಂಡೆ. ಬಂಡೆಗೆ ತೆರೆ ಹೊಡೆದು ಬೆಳ್ಳಗೆ ಒಡೆಯುತ್ತಿತ್ತು. ಗೋಕಾಕ ಫಾಲ್ಸಿನ ಸದ್ದು ಕೇಳಿದ್ದವಳಿಗೆ ಆ ಸದ್ದು ಹೊಸದಲ್ಲ. ಆದರೆ ಫಾಲ್ಸು ಒಂದೇ ಕಡೆ ಬೀಳುತ್ತದೆ. ಇಲ್ಲಿ ದಂಡೆಯ ಉದ್ದಕ್ಕೂ ಬೀಳುತ್ತಿತ್ತು.

ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ದುಂಡಪ್ಪ ಹೋಡಿ ತೂರಿಸಿದ. ಒಳಗೆ ನೀರು ಶಾಂತವಾಗಿತ್ತು. ಗುಡ್ಡದ ಬಿರುಕಿನಿಂದ ಬೆರಳಿನಷ್ಟು ದಪ್ಪದ ನೀರು ಇಳಿಯುತ್ತಿತ್ತು.

ಪಾರವ್ವ ಮೊದಲು ಬೊಗಸೆಯೊಡ್ಡಿ ಕುಡಿದು ನೋಡಿದಳು. ಸಿಹಿ! ಆಮೇಲೆ ಕೊಡ ಹಿಡಿದಳು. ಮತ್ತೆ ಬೊಗಸೆಯೊಡ್ಡಿ ಇನ್ನೊಮ್ಮೆ ಕುಡಿದು ನೋಡಿದಳು.

ದುಂಡಪ್ಪ ನಕ್ಕ. “ಎಷ್ಟ ಸಲ ನೋಡತೀರಿ? ಇದು ಹಿಂದಕ್ಕ ಹರಿಯೂದಿಲ್ರಿ.”

“ನಗಬ್ಯಾಡ್ರಿ. ನನ್ನ ಜೀವಾ ಹೋಗಾಕತ್ತೈತಿ.”

ಕೊಡ ನಿಧಾನಕ್ಕೆ ತುಂಬುತ್ತಿತ್ತು. ನಾಲ್ಕು ಕೊಡ ತುಂಬಬೇಕು. ಮಾತಾಡದೆ ಕೂರುವುದು ಕಷ್ಟವಾಗುವಷ್ಟು ಹೊತ್ತು.

“ಕುಲಗೋಡದವ್ರು ತಾಂಡೇಲ ಹೆಂಗ ಆದ್ರಿ?” ಎಂದು ಕೇಳಿದಳು.

“ನಮ್ಮಪ್ಪ ಹತ್ತಿ ಗಾಡಿ ಹೊಡಕೊಂಡು ವೆಂಗುರ್ಲಾಕ್ಕ ಬರತಿದ್ದ. ಹದಿನೈದು ವರ್ಷದಾಂವ ಇದ್ದಾಗ ನಾನೂ ಬಂದ್ನಿ. ಅಪ್ಪ ಗಾಡಿ ತಿರಗಿಸಿದ. ನಾ ತಿರಗಲಿಲ್ಲ.”

“ಮೀನ ತಿನ್ನಾವ್ರ ನಡಬರಕ ಹೆಂಗ ಇರ್ತೀರಿ?”

“ಅವ್ರು ನನಗ ‘ಸೊಪ್ಪಿನ ತಾಂಡೇಲ’ ಅಂತಾರ. ಅನ್ಲಿ. ನನ್ನ ರೊಟ್ಟಿ ನಾನಽ ಬಡಕೋತೇನಿ. ಆದ್ರ ಹದಿನೈದು ವರ್ಷ ಆತು, ಒಂದೂ ದುಂಡಗ ಆಗೂದಿಲ್ಲ.”

“ಹೆಸರು ನೋಡಿದ್ರ ದುಂಡಪ್ಪ!”

ಅಂದವಳಿಗೆ ತಾನೇ ನಗುತ್ತಿದ್ದೇನೆಂದು ಅರಿವಾಗಿ, ಸೆರಗು ಬಾಯಿಗೆ ಹಿಡಿದಳು. ಎಷ್ಟು ವರ್ಷವಾಗಿತ್ತು, ಹೀಗೆ ನಕ್ಕು? ಅಷ್ಟರಲ್ಲಿ ಹೊರಗಿನಿಂದ ದೊಡ್ಡ ತೆರೆಯೊಂದು ಸಂದಿಯೊಳಗೆ ನುಗ್ಗಿ ಹೋಡಿ ಮೇಲೆದ್ದಿತು. ದುಂಡಪ್ಪ ಒಂದು ಕೈಯಲ್ಲಿ ಬಂಡೆ, ಇನ್ನೊಂದು ಕೈಯಲ್ಲಿ ಅವಳ ಮುಂಗೈ ಹಿಡಿದ. ತೆರೆ ಇಳಿಯಿತು. ಅವನು ಕೈ ಬಿಟ್ಟ.

ಹಿಡಿದ ಜಾಗ ಬೆಚ್ಚಗಿತ್ತು. ಬಹಳ ಹೊತ್ತು ಬೆಚ್ಚಗೇ ಇತ್ತು...

“ನನ್ನ ತಪ್ಪು ನೀವ್ಯಾಕ ಹೊತ್ಕೊಂಡ್ರಿ?” ಎಂದಳು, ಅವನನ್ನು ನೋಡದೆ.

“ನೀವು ತುಂಬೀರಿ ಖರೆ. ಚೆಲ್ಲು ಅಂದವ್ರ ಬ್ಯಾರೆ. ಬಾಯಿಸಾಹೇಬ್ರು ಮಗ್ಗಲ ತಿರಗಿದ್ದು ನಾನೂ ನೋಡೇನಿ. ಅವರ ಹೆಸರ ಹೇಳಾಕ ನಿಮಗ ಆಗೂದಿಲ್ಲ. ನೀವಽ ಅಂತ ಆದ್ರ ಸಾಹೇಬ್ರು ಮನಿ ಬಿಡಸ್ತಾರ. ಎಲ್ಲಿಗಿ ಹೋಗ್ತೀರಿ?”

ಅವಳು ತುಂಬಿದ ಕೊಡ ಬದಿಗಿಟ್ಟು ಇನ್ನೊಂದನ್ನು ಒಡ್ಡಿದಳು.

“ನಾ ಗಂಡಸು. ನಾಕ ಮಾತ ಬೈತಾರ, ಕೇಳತೇನಿ, ಮುಗೀತು. ನೀವು ಬಾಯಿ ತೆರೀಬ್ಯಾಡ್ರಿ. ಆಣಿ ಹಾಕ್ರಿ.”

“ಆಣಿ ಹಾಕೂದಿಲ್ಲ... ಸುಮ್ನಿರ್ತೇನಿ.”

ನಾಲ್ಕನೆಯ ಕೊಡ ತುಂಬಿತು. ಹೊರಗೆ ಹೊರಡುವಾಗ ಅವಳಿಗೆ, ಆ ನೀರು ಇನ್ನೂ ಸಣ್ಣಗೆ ಬರುತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಕೂಡಲೇ ಒಳಗೆ ಮಲಗಿದ ಕಾಶೆವ್ವನ ಒಣಗಿದ ಬಾಯಿ ನೆನಪಾಗಿ ನಾಚಿಕೆಯಾಯಿತು.

ಮುಂದಿನ ಎರಡು ದಿನ ಹಡಗು ದಂಡೆಯ ಗುಂಟ ಇಳಿಯಿತು. ಅಣ್ಣಾಸಾಹೇಬರು ದುರ್ಬೀನಿನಲ್ಲಿ ಒಂದೊಂದು ಕೋಟೆಯನ್ನೂ ನೋಡಿ ಹೆಸರು ಹೇಳುತ್ತಿದ್ದರು, ಎರಡು ಸಲ ತಪ್ಪು ಹೇಳಿದರು, ದುಂಡಪ್ಪ ತಿದ್ದಲಿಲ್ಲ. ಗುಡ್ಡದ ತುದಿಯಿಂದ ತುದಿಗೆ ಗಾಳಿ ಬದಲಾಗುತ್ತಿತ್ತು, ಅವನು ಕಣ್ಣೆತ್ತಿ ಹಾಯಿ ನೋಡಿ ಚುಕ್ಕಾಣಿ ಒಂದಿಷ್ಟು ತಿರುಗಿಸುತ್ತಿದ್ದ, ಹಡಗು ಮಾತು ಕೇಳುತ್ತಿತ್ತು. ಹೊಲದಲ್ಲಿ ಜೋಡೆತ್ತು ಹೊಡೆಯುವವನಿಗೂ ಅಷ್ಟು ಸಲೀಸಿರಲಿಲ್ಲ. ಪಾರವ್ವ ರೊಟ್ಟಿ ಬಡಿದು ಅವನ ಪಾಲನ್ನು ತಟ್ಟೆಯಲ್ಲಿಟ್ಟು ಕಳಿಸಿದಳು. ಖಾಲಿ ತಟ್ಟೆ ಮರಳಿ ಬಂದಾಗ ಅವನು ಹೇಳಿದ್ದು ಒಂದೇ ಮಾತು.

“ದುಂಡಗ ಇದ್ದುವು.”

ವೆಂಗುರ್ಲೆಯ ಧಕ್ಕೆಯಲ್ಲಿ ಎಲ್ಲ ಮುಗಿಯಿತು.

ಅಣ್ಣಾಸಾಹೇಬರ ಹೊಸ ಹಡಗು ನೋಡಲು ಊರಿನ ನಾವೆಗಳ ಮಾಲೀಕರೆಲ್ಲ ನೆರೆದಿದ್ದರು. ಪ್ರಯಾಣ ಹೇಗಾಯಿತೆಂದು ಒಬ್ಬರು ಕೇಳಿದ್ದೇ ತಡ, ಅಣ್ಣಾಸಾಹೇಬರು ದುಂಡಪ್ಪನ ಕಡೆಗೆ ಬೆರಳು ತೋರಿಸಿದರು.

“ಈ ಮಹಾರಾಯನ್ನ ನೋಡ್ರಿ. ಸಿಹಿನೀರಿನ ಪೀಪಾಯಿಗೆ ಸಮುದ್ರಾ ತುಂಬಿಸಿದಾಂವ! ನನ್ನ ಹೆಂಡತಿ ಬದಕಿದ್ದು ಪುಣ್ಯಾ. ಇವತ್ತಿನಿಂದ ನನ್ನ ಹಡಗ ಇವಗ ಬಂದ್.”

ಧಕ್ಕೆಯೆಲ್ಲ ನಕ್ಕಿತು. ಹಾಯಿ ಹರಿದರೆ, ಹಾಯಿಯ ಕೂವೆಕಂಬ ಮುರಿದರೆ ನಾವಿಕರು ಕ್ಷಮಿಸುತ್ತಾರೆ. ಕುಡಿಯುವ ನೀರು ಕೆಡಿಸಿದವನನ್ನು ಯಾರೂ ಹತ್ತಿಸಿಕೊಳ್ಳುವುದಿಲ್ಲ. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪಾರವ್ವನಿಗೆ ಗೊತ್ತಿರಲಿಲ್ಲ, ನಗುವವರ ಮುಖ ನೋಡಿ ತಿಳಿಯಿತು.

‘ಹೇಳು! ಈಗ ಹೇಳು...’

ತುಟಿ ಅಲುಗಲಿಲ್ಲ. ಕಾಶೆವ್ವ ಅವಳ ತೋಳು ಹಿಡಿದು ನಿಂತಿದ್ದಳು. ಆ ಹಿಡಿತ ಸಡಿಲವಾಗಲಿಲ್ಲ.

ದುಂಡಪ್ಪ ತನ್ನ ಗಂಟು ಹೆಗಲಿಗೇರಿಸಿದ. ಹೋಗುವ ಮುನ್ನ ಒಂದೇ ಒಂದು ಸಲ ತಿರುಗಿ ಪಾರವ್ವನನ್ನು ನೋಡಿದ.

ಹುಕ್ಕೇರಿಗೆ ಬಂದ ಮೇಲೂ ಆ ನೋಟ ಅವಳನ್ನು ಬಿಡಲಿಲ್ಲ. ಹಿಟ್ಟು ನಾದುವಾಗ, ಬುತ್ತಿ ಕಟ್ಟುವಾಗ, ನಸುಕಿನಲ್ಲಿ ಕೊಡ ತಿಕ್ಕುವಾಗ...

‘ಅಷ್ಟೊಂದು ನಕ್ಕವಳು, ಅಷ್ಟೊಂದು ಮಾತಾಡಿದವಳು, ಒಂದು ಮಾತಿಗೆ ಗತಿಯಿಲ್ಲದೆ ನಿಂತಳಲ್ಲ ಎಂದೇ ನೋಡಿದ. ಇವಳೂ ಇಷ್ಟೇ ಎಂದುಕೊಂಡು ಹೋದ.’

ಕಾಶೆವ್ವ ಆ ಮೂರು ದಿನಗಳ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮುಂಜಾನೆ ನೀರು ಚೆಲ್ಲು ಎಂದು ಹೇಳುವುದನ್ನೂ ಬಿಟ್ಟಿದ್ದಳು.

ಮಾಘ ಮಾಸದಲ್ಲಿ ಕುಲಗೋಡದ ಲಕ್ಕಪ್ಪ ಗಾಡಿಯಲ್ಲಿ ಬೆಲ್ಲ ಹೇರಿಕೊಂಡು ವಾಡೆಗೆ ಬಂದ. ಬಾಯಿಬಡುಕ. ಪಾರವ್ವ ಮಜ್ಜಿಗೆ ಕೊಟ್ಟು, ಏನೂ ಗೊತ್ತಿಲ್ಲದವಳಂತೆ ಕೇಳಿದಳು.

“ನಿಮ್ಮೂರಾಗ ಒಬ್ರು ಹಡಗಿನ ತಾಂಡೇಲ ಇದ್ರಂತ, ಹೌದೇನ ಕಾಕಾ?”

“ದುಂಡ್ಯಾ ಏನವಾ? ಎಲ್ಲೀ ತಾಂಡೇಲ! ಈಗ ನನ್ನ ಗಾಣದ ಎತ್ತಿನ ಬೆನ್ನ ಹಿಂದ ಸುತ್ತ ಹಾಕಾಕತ್ತಾನ. ವೆಂಗುರ್ಲಾದಾಗ ಒಬ್ಬರೂ ಹಡಗ ಹತ್ತಸಲಿಲ್ಲಂತ. ‘ಉಪ್ಪನೀರ ದುಂಡಪ್ಪ’ ಅಂತ ಹೆಸರ ಬಿದ್ದೈತಿ. ನಾವೂ ಹಂಗಽ ಕರೀತೇವಿ. ಮೊದ್ಲ ಸಿಟ್ಟಿಗೇಳತಿದ್ದ. ಈಗ ಓ ಅಂತಾನ.”

ಲಕ್ಕಪ್ಪ ನಗುತ್ತಾ ಮಜ್ಜಿಗೆ ಕುಡಿದ.

ಪಾರವ್ವ ನಗಲಿಲ್ಲ. ಸಿಟ್ಟಿಗೇಳುತ್ತಿದ್ದ ಎಂಬುದಕ್ಕಿಂತ, ಈಗ ಓ ಎನ್ನುತ್ತಾನೆ ಎಂಬುದು ಅವಳನ್ನು ಕೊರೆಯಿತು.

ಅವಳು ಸೆರಗು ಬಿಗಿದು ನೇರ ಪಡಸಾಲೆಗೆ ನಡೆದಳು. ಅಣ್ಣಾಸಾಹೇಬರು ಅಡಿಕೆ ಕತ್ತರಿಸುತ್ತಾ ಕುಳಿತಿದ್ದರು.

“ಸಾಹೇಬ್ರ, ಒಂದ್ ಮಾತ ಹೇಳೂದೈತಿ.”

“ಹೇಳವಾ.”

“ಹಡಗಿನ ಪೀಪಾಯಿ ನೀರು ಚೆಲ್ಲಿದಾಕಿ ನಾನು. ಉಪ್ಪನೀರು ತುಂಬಿದಾಕಿನೂ ನಾನು. ತಾಂಡೇಲರಿಗೆ ಗೊತ್ತಽ ಇರಲಿಲ್ಲ. ನನ್ನ ಉಳಸಾಕ ಸುಳ್ಳ ಹೇಳಿದ್ರು.”

ಅಡಕತ್ತರಿ ನಿಂತಿತು.

“ಮೂರು ತಿಂಗಳಾತಲ್ಲಾ! ಇಷ್ಟ ದಿನಾ ಏನ ಮಾಡತಿದ್ದಿ?”

“ಅಂಜಿಕೊಂಡಿದ್ನಿ.”

“ನಿನಗ ಚೆಲ್ಲು ಅಂದವ್ರ ಯಾರು?”

“ಯಾರೂ ಅಲ್ರಿ. ನಾನಽ...”

“ನಾ ಹೇಳಿದ್ನಿ.”

ಇಬ್ಬರೂ ತಿರುಗಿ ನೋಡಿದರು. ಕಾಶೆವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ನಾನಽ ಚೆಲ್ಲಸಿದ್ನಿ. ನನಗೂ ಗೊತ್ತಿರಲಿಲ್ಲ, ಆಕಿಗೂ ಗೊತ್ತಿರಲಿಲ್ಲ. ಧಕ್ಕಿ ಮ್ಯಾಲ ಅಷ್ಟ ಮಂದಿ ಮುಂದ ನೀವು ಅಂವನ್ನ ಆಡಿಕೊಂಡ್ರಿ. ಅಲ್ಲೇ ಹೇಳಿದ್ರ ನನ್ನೂ ಹಂಗಽ ಆಡಿಕೊಂಡು ನಗತಿದ್ರಿ. ಅದಕ್ಕ ಬಾಯಿ ಮುಚಗೊಂಡ ನಿಂತ್ನಿ. ಈಗ ನಗ್ರಿ.”

ಅಣ್ಣಾಸಾಹೇಬರು ನಗಲಿಲ್ಲ. ಅಡಕತ್ತರಿ ಕೆಳಗಿಟ್ಟು ಅಡಿಕೆ ಚೂರುಗಳನ್ನು ಒಟ್ಟುಮಾಡಿದರು. ಆಮೇಲೆ ಸಿಟ್ಟು ಬಂತು.

“ಅಂದ್ರ ಮೂರೂ ಮಂದಿ ಕೂಡಿ ನನ್ನ ಹುಚ್ಚ ಮಾಡೀರಿ! ಈ ಹುಡಿಗಿನ್ನ ಮೊದ್ಲ ಆಕಿ ಅಣ್ಣನ ಮನಿಗೆ...”

“ಆಕಿನ್ನ ಕಳಸೂದಿದ್ರ ನನ್ನೂ ಗಾಡ್ಯಾಗ ಹಾಕ್ರಿ,” ಎಂದಳು ಕಾಶೆವ್ವ. “ಅದಕಿಂತ ಮೊದ್ಲ ವೆಂಗುರ್ಲಾದವರಿಗೆ ಕಾಗದ ಬರೀರಿ. ಇದ್ದದ್ದ ಇದ್ದಂಗ ಬರೀರಿ.”

ಕಾಗದ ಬರೆಯಲು ಅಣ್ಣಾಸಾಹೇಬರಿಗೆ ಎರಡು ದಿನ ಬೇಕಾಯಿತು. ಮೂರು ಹಾಳೆ ಹರಿದು ಒಗೆದರು. ಕೊನೆಗೆ ಬರೆದದ್ದು ನಾಲ್ಕೇ ಸಾಲು: ನೀರು ಕೆಟ್ಟದ್ದು ನಮ್ಮ ಮನೆಯವರ ಅಜಾಗ್ರತೆಯಿಂದ, ತಾಂಡೇಲನ ತಪ್ಪಿಲ್ಲ, ಧಕ್ಕೆಯ ಮೇಲೆ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಇದನ್ನು ಎಲ್ಲರಿಗೂ ಓದಿ ಹೇಳಬೇಕು.

“ಆದ್ರ ನನ್ನ ಹಡಗಕ್ಕ ಅಂವ ಬ್ಯಾಡ,” ಎಂದರು ಸಹಿ ಹಾಕುತ್ತಾ. “ಒಳ್ಳೇದಕ್ಕ ಸುಳ್ಳ ಹೇಳಿದ್ರೂ ಸುಳ್ಳ ಸುಳ್ಳಽ.”

ಪಾರವ್ವ ತಲೆಯಾಡಿಸಿದಳು. ಅದೂ ನಿಜವೇ ಅಲ್ಲವೆ?

“ಅಂಚಿಗೆ ಹಾಕಸ್ಲಿ?” ಎಂದು ಅವರು ಕೇಳಿದರು.

“ಬ್ಯಾಡ್ರಿ,” ಎಂದಳು ಪಾರವ್ವ. “ನಾನಽ ಒಯ್ದು ತಾಂಡೇಲರ ಕೈಯಾಗ ಕೊಡತೇನಿ.”

ಮರುದಿನ ಹುಕ್ಕೇರಿಯಿಂದ ಗೋಕಾಕಕ್ಕೆ ಮೋಟಾರು, ಅಲ್ಲಿಂದ ಮೂಡಲಗಿಯವರೆಗೆ ಸಂತೆಯ ಗಾಡಿ, ಮುಂದೆ ಕುಲಗೋಡಕ್ಕೆ ಕಾಲುನಡಿಗೆ. ಮಧ್ಯಾಹ್ನದ ಬಿಸಿಲಲ್ಲಿ ಕಬ್ಬಿನ ಹೊಲಗಳ ನಡುವೆ ನಡೆಯುವಾಗ ಅವಳ ಧೈರ್ಯ ಹೆಜ್ಜೆಗೊಂದಿಷ್ಟು ಸೋರುತ್ತಿತ್ತು.

‘ಕಾಗದ ಕೊಟ್ಟು ತಿರುಗಿಬಿಡುತ್ತೇನೆ. ಮುಖ ನೋಡುವುದಿಲ್ಲ. ಏನಾದರೂ ಅಂದರೆ ಅನ್ನಿಸಿಕೊಳ್ಳುತ್ತೇನೆ.’

ಗಾಣದ ಬಳಿ ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು. ಕಬ್ಬು ಒಡ್ಡುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರವಾ ನೀ?”

“ನಾಗನೂರ ಪಾರವ್ವ. ತಾಂಡೇಲರನ್ನ ನೋಡಬೇಕಿತ್ತು.”

ತಾಂಡೇಲ ಎಂಬ ಮಾತು ಕೇಳಿ ಮುದುಕಿಯ ಮುಖ ಬದಲಾಯಿತು. ಊರಲ್ಲಿ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ.

“ದುಂಡಾ!” ಎಂದು ಕೂಗಿದಳು. “ಬಾ ಇಲ್ಲಿ. ನಿನ್ನ ತಾಂಡೇಲ ಅನ್ನಾಕಿ ಒಬ್ಬಾಕಿ ಬಂದಾಳ!”

ಅವಳು ಅವನ ತಾಯಿ ಅಕ್ಕವ್ವ.

ಎತ್ತುಗಳು ನಿಂತವು. ದುಂಡಪ್ಪ ಬಂದ. ಸೊರಗಿದ್ದ. ಪಾರವ್ವನನ್ನು ಕಂಡು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಅವಳು ಕಾಗದ ಚಾಚಿದಳು. ಅದರಲ್ಲಿ ಏನಿದೆಯೆಂದು, ಪಡಸಾಲೆಯಲ್ಲಿ ಏನು ನಡೆಯಿತೆಂದು ಒಂದೇ ಉಸಿರಿನಲ್ಲಿ ಹೇಳಿದಳು. ಕಾಶೆವ್ವ ಆಡಿದ ಮಾತನ್ನೂ, ಸಾಹೇಬರು ಆಡಿದ ಮಾತನ್ನೂ ಬಿಡಲಿಲ್ಲ.

ದುಂಡಪ್ಪ ಕಾಗದವನ್ನು ತೆಗೆದುಕೊಂಡ. ತೆರೆಯಲಿಲ್ಲ.

“ನಾ ಬರ್ತೇನ್ರಿ,” ಎಂದಳು ಪಾರವ್ವ.

“ನಿಲ್ರಿ.”

ಅವಳು ನಿಂತಳು.

“ಬಾಯಿ ತೆರೀಬ್ಯಾಡ್ರಿ ಅಂದಾಂವ ನಾನು. ನೀವ್ಯಾಕ ತೆರದ್ರಿ?”

“ಆವತ್ತ ಧಕ್ಕಿ ಮ್ಯಾಲ ನನ್ನ ನೋಡಿದ್ರೆಲಾ... ಆ ನೋಟಾ ಮೂರು ತಿಂಗಳು ನನ್ನ ಉಣ್ಣಾಕ ಬಿಡಲಿಲ್ಲ. ಇಂಥಾಕೀ ಸಲುವಾಗಿ ಹಾಳಾದ್ನಲ್ಲಾ ಅಂತ ನೋಡಿದ್ರಿ.”

“ಅಲ್ರಿ!” ಅವನು ಒಂದು ಹೆಜ್ಜೆ ಮುಂದೆ ಬಂದ. “ಮತ್ತ ಎಂದು ನೋಡತೇನೋ ಅಂತ ನೋಡಿದ್ನಿ. ಖರೆ ಹೇಳ್ಲಿ? ನೀವೆಲ್ಲಿ ಬಾಯಿ ತೆರೀತೀರೋ ಅಂತ ಅಂಜಿಕಿ ಇತ್ತು. ತೆರೀಲಿಲ್ಲಲಾ ಅಂತ ಸಂಕಟಾನೂ ಆತು. ಎರಡೂ ಖರೆ.”

ಪಾರವ್ವನ ಕಣ್ಣು ತುಂಬಿತು. ಆ ಉತ್ತರದಲ್ಲಿ ಅವಳನ್ನು ಸಮಾಧಾನಪಡಿಸುವ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಸಮಾಧಾನವಾಯಿತು.

“ನೀವು ನನ್ನ ಮ್ಯಾಲ ಸಿಟ್ಟಾಗೀರಿ ಅಂತ ತಿಳಕೊಂಡಿದ್ನಿ,” ಎಂದಳು.

“ಹುಕ್ಕೇರಿಗೆ ಬರಬೇಕಂತ ಎರಡ ಸಲ ಮೂಡಲಗಿ ತನಕಾ ಬಂದ ತಿರಗೇನಿ. ಹಡಗಿಲ್ಲದಾಂವ, ಹೆಸರ ಕೆಟ್ಟಾಂವ... ಯಾವ ಮುಖಾ ಹೊತ್ತು ಕೇಳಬೇಕು?”

“ಏನ ಕೇಳಾವ್ರ ಇದ್ರಿ?”

ದುಂಡಪ್ಪ ನೆಲ ನೋಡಿದ. ಗಂಡ ಸತ್ತವರಿಗೂ ಮತ್ತೆ ಉಡಕಿಯಾಗಿ ಸಂಸಾರ ಹೂಡುವ ಪದ್ಧತಿ ಅವರಿಬ್ಬರ ಮನೆತನಗಳಲ್ಲೂ ಇತ್ತು. ಕೇಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಅವನ ಗಂಟಲೊಂದನ್ನು ಬಿಟ್ಟು.

“ಕೇಳೋ ಮಾರಾಯಾ!” ಎಂದಳು ಗಾಣದ ಕಡೆಯಿಂದ ಅಕ್ಕವ್ವ. “ಪಾಕ ಹೊತ್ತಾಕತ್ತೈತಿ!”

“ಅವ್ವಾ, ನೀ ಸುಮ್ನಿರ!”

ಪಾರವ್ವನಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

“ಉಡಕಿ ಆಗ್ತೀರೇನ್ರಿ... ನನ್ನ?” ಎಂದ ದುಂಡಪ್ಪ, ಕೊನೆಗೂ. “ಅವಸರಿಲ್ಲ. ಈ ಕಾಗದ ತಗೊಂಡು ವೆಂಗುರ್ಲಾಕ್ಕ ಹೋಗ್ತೇನಿ. ಯಾರರೆ ಹಡಗ ಕೊಡ್ಲಿ, ಒಂದು ಮನಿ ಹಿಡೀತೇನಿ. ಆಮ್ಯಾಲ ಬಂದು ನಿಮ್ಮಣ್ಣನ್ನ ಕೇಳತೇನಿ. ವರ್ಷ ಆಗ್ಲಿ, ಎರಡ ವರ್ಷ ಆಗ್ಲಿ... ನೀವು ಹೂಂ ಅಂದ್ರ ಸಾಕು, ನಾ ಕಾಯತೇನಿ.”

“ನನಗ ಕಾಯಾಕ ಆಗೂದಿಲ್ರಿ.”

ಅವನ ಮುಖ ಬಾಡಿತು. “ಯಾಕ್ರಿ?”

“ಹೇಳೂ ಮಾತ ಒಳಗಿಟಗೊಂಡು ಮೂರು ತಿಂಗಳು ಸುಮ್ನಿದ್ದು ನೋಡೇನಿ. ಒಂದ ದಿನಾನೂ ಚೆಂದ ಇರಲಿಲ್ಲ.” ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ನೇರವಾಗಿ ನೋಡಿದಳು. “ನಮ್ಮಣ್ಣ ಇವತ್ತ ಮನ್ಯಾಗ ಇರ್ತಾನ. ನಾಗನೂರ ಭಾಳ ದೂರಿಲ್ಲ. ಹೊತ್ತ ಮುಳಗೂದ್ರಾಗ ಮುಟ್ಟತೇವಿ.”

“ಇವತ್ತಽ?”

“ಹೂಂ. ನಡೀರಿ.”